ಹನ್ನೊಂದು ದಿಬ್ಬ

ಆ ಹಿಮದ ಇಳಿಜಾರಿನಲ್ಲಿ ಹನ್ನೊಂದು ದಿಬ್ಬಗಳಿದ್ದವು. ಎರಡೂ ಪಾದಗಳನ್ನು ಒಂದೇ ಸ್ನೋಬೋರ್ಡಿಗೆ ಬಿಗಿದುಕೊಂಡು, ಅವುಗಳ ಮೇಲೆ ತಿರುಗುತ್ತ ಇಳಿಯುವುದನ್ನು ಕಲಿಯಲು ಹೋಗಿ, ಐದು ದಿನ ನಾನು ಎಲ್ಲದರ ಮೇಲೂ ಬಿದ್ದೆ. ಅಕ್ಕನ ಗಂಡ ಒಮ್ಮೆಯೂ ಬೀಳಲಿಲ್ಲ. ಅವನು ಒಂದು ದಿಬ್ಬವನ್ನೂ ಮುಟ್ಟದೆ, ಅಂಚಿನ ನುಣುಪು ಪಟ್ಟಿಯಲ್ಲೇ ಜಾರುತ್ತ, ನಾನು ಬೀಳುವುದನ್ನು ಎಣಿಸುತ್ತಿದ್ದ.

“ಮೂರನೇದು, ಸಾಷ್ಟಾಂಗ! ನಾಲ್ಕನೇದು, ಕೂತೇಬಿಟ್ರು ಮಹಾರಾಣಿ! ಎಂ.ಎ. ಮಾಡಿರೋ ತಲೆಗೆ ಮಂಡಿ ಮಡಚೋದು ಗೊತ್ತಾಗಲ್ವೇನೇ?”

ನಾನು ಹಿಮ ಕೊಡವಿಕೊಂಡು ಮುಂದಿನ ದಿಬ್ಬಕ್ಕೆ ಜಾರುತ್ತಿದ್ದೆ. ಕೋಣೆಗೆ ಬಂದು ಡೈರಿಯಲ್ಲಿ ಬರೆಯುತ್ತಿದ್ದೆ: ‘ಮೂರರಲ್ಲಿ ಬಲಕ್ಕೆ ತಿರುಗಬೇಕಿತ್ತು. ಭಾವ ಇವತ್ತೂ ಅಂಚಿನಲ್ಲೇ.’

ಆರನೆಯ ದಿನ ತರಬೇತುದಾರ ನಮ್ಮ ಗುಂಪಿನ ಉಳಿದವರನ್ನು ಕರೆದುಕೊಂಡು ಇಳಿದಿದ್ದ. ನಾವಿಬ್ಬರೇ ಮೇಲಿದ್ದಾಗ ಮಂಜು ಕವಿಯಿತು. ಚಾಚಿದ ಕೈಯೂ ಕಾಣದಾಯಿತು. ಅಂಚಿನ ಆಚೆಗೆ ಕಮರಿಯಿತ್ತು. ಭಾವ ಹಿಮದ ಮೇಲೆ ಕುಸಿದು ಕುಳಿತ.

“ಅಂಚು ಯಾವ ಕಡೆ ಅಂತಾನೇ ತಿಳೀತಿಲ್ಲ ಕಣೇ. ಕತ್ತಲಾದ್ರೆ ಇಲ್ಲೇ ಹೆಪ್ಪುಗಟ್ಟಿ ಸಾಯ್ತೀವಿ. ಬಾಯಿ ಬಿಟ್ಟು ಏನಾದ್ರೂ ಹೇಳೇ!”

ನಾನು ಎದ್ದು ಮಂಜಿನೊಳಗೆ ಜಾರಿದೆ. ಪಾದದಡಿ ಮೊದಲ ದಿಬ್ಬ ಉಬ್ಬಿ ಬಂತು. ಮಂಡಿ ತಾನಾಗಿ ಮಡಚಿಕೊಂಡಿತು.

“ನನ್ನ ದನಿ ಹಿಡಿದು ಬನ್ನಿ ಭಾವ,” ಎಂದು ಕೆಳಗಿನಿಂದ ಕೂಗಿದೆ. “ಒಂದನೇದು, ಬಲಕ್ಕೆ ತಿರುಗಿ. ಎರಡನೇದು, ಎಡಕ್ಕೆ. ಬಿದ್ರೆ ಚಿಂತೆ ಬೇಡ, ನಾನು ಎಣಿಸ್ತೀನಿ.”