ದಾವಣಗೆರೆಗೆ ಬಂದ ಧ್ರುವಪ್ರಭೆ

ಉತ್ತರ ಧ್ರುವದ ಆಕಾಶದಲ್ಲಿ ಕುಣಿಯುವ ಹಸಿರು ಬೆಳಕಿನ ಪರದೆ ಮೊನ್ನೆಯಿಂದ ನನ್ನೊಬ್ಬನಿಗಾಗಿ ದಾವಣಗೆರೆಗೆ ಬಂದು ಕೂತಿದೆ, ಅದೂ ಹಾಡಹಗಲಲ್ಲಿ. ಅಂಗಡಿ ಬೋರ್ಡು ಬರೆಯುವವರಲ್ಲಿ ನನ್ನಷ್ಟು ಬಣ್ಣ ಬಲ್ಲವನು ಮೂರು ಲೋಕದಲ್ಲೂ ಇಲ್ಲವೆಂದು ಅದಕ್ಕೂ ಗೊತ್ತು. ಅದನ್ನು ನೋಡಲೆಂದೇ ಕೆಲಸ ಬಿಟ್ಟು ಜಗಲಿಯಲ್ಲಿ ಕೂತಿದ್ದೇನೆ.

ಇದನ್ನು ಹೇಳಿದ್ದಕ್ಕೆ ವಿಜ್ಞಾನದ ಟೀಚರಾದ ನನ್ನ ಹೆಂಡತಿ ನಕ್ಕುಬಿಟ್ಟಳು.

“ರೀ, ಬುರುಡೆ ಬಿಡೋಕೂ ಒಂದು ಮಿತಿ ಬೇಡ್ವಾ? ಸೂರ್ಯ ಎರಚೋ ಕಣಗಳನ್ನ ಭೂಮಿಯ ಅಯಸ್ಕಾಂತ ಧ್ರುವಗಳ ಕಡೆ ತಿರುಗಿಸಿ ಸಾಗಹಾಕತ್ತೆ. ಅಲ್ಲಿ ಅವು ಗಾಳಿಗೆ ಬಡಿದಾಗ ಬೆಳಕು ಬರತ್ತೆ. ನಡುವೆ ಇರೋ ನಮ್ಗೆ ಎಲ್ಲಿಂದ ಬರ್ಬೇಕು?”

“ನನ್ನ ಕಂಡ್ರೆ ಅಯಸ್ಕಾಂತಾನೂ ದಾರಿ ತಪ್ಪತ್ತೆ ಕಣೇ.”

“ಹೌದಾ ಬಣ್ಣದ ರಾಜ? ಹಾಗಾದ್ರೆ ನನ್ನ ಸೀರೆ ಯಾವ ಬಣ್ಣ, ಹೇಳಿ ನೋಡೋಣ.”

“ನಿಂಬೆ ಹಳದಿ! ನನ್ನ ಬ್ರಷ್ಷಿಂದಲೇ ಇಳಿದ ಹಾಗಿದೆ.”

ಅವಳ ನಗು ನಿಂತಿತು. “ರೀ... ನಾನಿನ್ನೂ ನೈಟಿಯಲ್ಲೇ ಇದೀನಿ.”

ಅವಳ ದನಿ ಬಂದ ಕಡೆಗೆ ಕೈ ಚಾಚಿದೆ.

“ಮೊನ್ನೆಯಿಂದ ಆ ಬೆಳಕು ಬಿಟ್ರೆ ಏನೂ ಕಾಣ್ತಿಲ್ಲ ಕಣೇ, ನಿನ್ನ ಮುಖಾನೂ.”