ಎಂಬತ್ತೈದರ ಲೆನ್ಸು, ಅತ್ತೆಯ ಮಂಚ

"ನಾನು ಕೇಳಿದ್ದು ನನ್ನ ಫೋಟೋ ಕಣ್ರೀ. ನೀವು ಕೊಟ್ಟಿರೋದು ನನ್ನ ಮೂಗಿನ ಫೋಟೋ!" ಎಂದು ವಕೀಲರು ಕವರನ್ನು ಮೇಜಿನ ಮೇಲೆ ಬಿಸಾಕಿ ಮೆಟ್ಟಿಲಿಳಿದೇಬಿಟ್ಟರು. ಫೋಟೋಗ್ರಾಫರ್ ಬಾಯಿ ತೆರೆಯುವಷ್ಟರಲ್ಲಿ ಅವರ ಸ್ಕೂಟರು ತಿರುವು ದಾಟಿತ್ತು. ಬೀದಿಯವರು ಆಗಲೇ ಅವನ ಅಂಗಡಿಗೆ 'ಮೂಗಿನ ಸ್ಟುಡಿಯೋ' ಎಂದು ಹೆಸರಿಟ್ಟಾಗಿತ್ತು. ನಾಳೆ ಬೆಳಿಗ್ಗೆ ನಾಟಕ ತಂಡದವರು ಬರುವವರಿದ್ದರು, ಪೋಸ್ಟರಿಗೆಂದು ಒಬ್ಬೊಬ್ಬರ ಮುಖವನ್ನೂ ತೆಗೆಸಲು. ಅವರೂ ಹೀಗೆ ಮೂಗು ಮುರಿದುಕೊಂಡು ಹೋದರೆ ಬೋರ್ಡು ಇಳಿಸುವುದೊಂದೇ ಬಾಕಿ. ಅವರಿಗೆ ಯಾವ ಲೆನ್ಸು ಹಾಕಬೇಕೆಂಬುದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಹಾಕುವ ಹಾಗಿರಲಿಲ್ಲ, ಅಷ್ಟೇ.

ತಪ್ಪು ಅವನ ಕೈಯದ್ದಲ್ಲ, ಅತ್ತೆಯ ಮಂಚದ್ದು. ಸ್ಟುಡಿಯೋ ಅಂದರೆ ಮನೆಯ ಮುಂದಿನ ಕೋಣೆ. ಒಂದು ಗೋಡೆಗೆ ಬೂದು ಪರದೆ, ಅದರ ಮುಂದೆ ಗಿರಾಕಿ ಕೂರುವ ಸ್ಟೂಲು. ಎದುರು ಗೋಡೆಗೆ ಬೆನ್ನು ಆನಿಸಿ ನಿಂತು ಎಂಬತ್ತೈದರ, ಅಂದರೆ ಎಂಬತ್ತೈದು ಮಿಲಿಮೀಟರಿನ ಲೆನ್ಸಿನಲ್ಲಿ ದೂರದಿಂದ ತೆಗೆದರೆ ಎಂಥವರ ಮುಖವೂ ಕಳೆಗಟ್ಟುತ್ತಿತ್ತು, ಮೂಗು ತನ್ನ ಪಾಡಿಗೆ ತಾನಿರುತ್ತಿತ್ತು. ಆದರೆ ಮಂಡಿನೋವೆಂದು 'ನಾಲ್ಕು ದಿನಕ್ಕೆ' ಬಂದ ಅತ್ತೆ, ಕಿಟಕಿಯಿದೆ, ಬೀದಿ ಕಾಣುತ್ತದೆ ಎಂದು ಮಂಚ ಹಾಕಿಸಿಕೊಂಡದ್ದು ಅದೇ ಎದುರು ಗೋಡೆಗೆ. ಈಗ ಮಂಚದ ಈಚೆ ನಿಂತು ಆ ಲೆನ್ಸಿನಲ್ಲಿ ನೋಡಿದರೆ ಗಿರಾಕಿಯ ಭುಜವೂ ಇಲ್ಲ, ಕಿವಿಯೂ ಇಲ್ಲ. ವಿಧಿಯಿಲ್ಲದೆ ಮೂವತ್ತೈದರ ಅಗಲ ಲೆನ್ಸು ಹಾಕಿ, ಮುಖದ ಹತ್ತಿರಕ್ಕೇ ಹೋಗಿ ಕ್ಲಿಕ್ಕಿಸಬೇಕು. ಹತ್ತಿರ ಹೋದಷ್ಟೂ ಮೂಗು ಮುಂದಕ್ಕೆ, ಕಿವಿ ಹಿಂದಕ್ಕೆ. ಸಾಲದ್ದಕ್ಕೆ ಮಂಚದಿಂದ ನಿರ್ದೇಶನ ಬೇರೆ: "ಹೊಟ್ಟೆ ಒಳಗೆ ಎಳ್ಕೊಳ್ಳಪ್ಪಾ, ಫೋಟೋ ಆದ್ಮೇಲೆ ಬಿಡುವಂತೆ."

ಮಂಚ ಸರಿಸಿ ಎಂದು ನೇರವಾಗಿ ಹೇಳಲು ಅವನಿಗೆ ಧೈರ್ಯವಿಲ್ಲ. "ಅಮ್ಮನಿಗೆ ಏನಾದ್ರೂ ಅಂದ್ರೆ ನೋಡಿ ಮತ್ತೆ," ಎಂದು ಹೆಂಡತಿ ಮೊದಲೇ ತಾಕೀತು ಮಾಡಿದ್ದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ ಬೇಕಿತ್ತು. ಫಿಲಂ ಕಾಲದಲ್ಲಿ ಫೋಟೋ ತೊಳೆಯುತ್ತಿದ್ದ ಹಿಂದಿನ ಕೋಣೆಯನ್ನು ಅವನು ಸದ್ದಿಲ್ಲದೆ ಗುಡಿಸಿ, ಸುಣ್ಣ ಬಳಿದು ಇಟ್ಟ. ಆಮೇಲೆ ಬಾಯಲ್ಲಿ ಬೆಲ್ಲ ಇಟ್ಟುಕೊಂಡವನ ಹಾಗೆ, "ಅತ್ತೆ, ನಿಮ್ಮದೊಂದು ಫೋಟೋ ತೆಗೀಲಾ?" ಎಂದ.

ಅತ್ತೆ ತಲೆ ಬಾಚಿ, ಕನ್ನಡಕ ಒರೆಸಿ, ಸ್ಟೂಲಿನ ಮೇಲೆ ಮಹಾರಾಣಿಯಂತೆ ಕೂತರು. ಮೊದಲನೆಯದನ್ನು ಅಗಲ ಲೆನ್ಸಿನಲ್ಲಿ, ಉಸಿರು ತಾಗುವಷ್ಟು ಹತ್ತಿರದಿಂದ ತೆಗೆದ. ಎರಡನೆಯದಕ್ಕೆ ಸ್ಟೂಲನ್ನು ಬಾಗಿಲಿಗೆ ಒಯ್ದು, ತಾನು ಎಂಬತ್ತೈದರ ಲೆನ್ಸು ಹಿಡಿದು ಬೀದಿಗಿಳಿದ. ಹಿಂದಿನಿಂದ ಬಂದ ಸೈಕಲ್ಲಿನವನು ಬೈದುಕೊಂಡು ಹೋದ. ಹೋಗಲಿ ಬಿಡಿ, ಕೆಲಸವಾಯಿತಲ್ಲ. ಎರಡನ್ನೂ ಪ್ರಿಂಟು ಹಾಕಿ ಅತ್ತೆಯ ಮುಂದಿಟ್ಟ.

"ಅಯ್ಯೋ ರಾಮ! ಇದರಲ್ಲಿ ಮುಖದ ಮೇಲೆ ಮೂಗಿದೆಯೋ, ಮೂಗಿನ ಮೇಲೆ ಮುಖ ಇದೆಯೋ?" ಎಂದರು ಅತ್ತೆ ಮೊದಲನೆಯದನ್ನು ನೋಡಿ. ಎರಡನೆಯದನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಕಣ್ಣಂಚು ಒದ್ದೆಯಾಯಿತು. ಎಷ್ಟೋ ವರ್ಷಗಳ ಮೇಲೆ ತಮ್ಮ ಮುಖ ತಮಗೇ ಇಷ್ಟವಾಗಿತ್ತು.

ಇದೇ ಸಮಯವೆಂದು ಅಳಿಯ, "ಎಲ್ಲಾ ದೂರದ ಮಹಿಮೆ ಅತ್ತೆ," ಎಂದ. "ಹತ್ತಿರದಿಂದ ನೋಡಿದ್ರೆ ಎಂಥವರ ಮುಖಾನೂ ಕೆಡುತ್ತೆ. ಈ ಲೆನ್ಸಿಗೆ ಸ್ವಲ್ಪ ಜಾಗ ಬೇಕು, ಅಷ್ಟೇ."

"ಹಾಗಾದ್ರೆ ನನ್ನ ಮಂಚ ಅಡ್ಡ ಅನ್ನಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! "ಛೆ ಛೆ, ನಾನೆಲ್ಲಿ ಹಾಗಂದೆ? ಆದ್ರೂ ನಿಮಗೆ ಬೇಕಿದ್ರೆ ಹಿಂದಿನ ಕೋಣೆ ಖಾಲಿ ಇದೆ. ಸುಣ್ಣಾನೂ ಹೊಡೆದಿದೆ. ತಂಪಾಗಿದೆ, ಶಾಂತವಾಗಿದೆ..."

"ಕಿಟಕಿ?"

"ಕಿಟಕಿ... ಇಲ್ಲ."

"ನಾನೇನು ಫಿಲಂ ರೋಲಾ ಅಳಿಯಂದ್ರೇ, ಬೆಳಕು ತಾಗದ ಹಾಗೆ ಇಡೋಕೆ?"

ಫೋಟೋಗ್ರಾಫರನ ನಗು ಅರ್ಧಕ್ಕೇ ನಿಂತಿತು. ಅತ್ತೆ ಅಡುಗೆಮನೆಯ ಕಡೆ ಕುತ್ತಿಗೆ ಚಾಚಿ ಕೂಗಿದರು: "ಮಗಳೇ, ನಿಮ್ಮ ರೂಮಿಂದ ಬೀದಿ ಕಾಣುತ್ತೆ ಅಲ್ವಾ?"

"ಓಹೋ, ಚೆನ್ನಾಗಿ ಕಾಣುತ್ತಮ್ಮ! ಬಾ, ನನ್ನ ಪಕ್ಕದಲ್ಲೇ ಮಲಗುವಂತೆ. ನೀನು ಬಂದಾಗಿಂದ ನಾವಿಬ್ರೂ ಕೂತು ಸರಿಯಾಗಿ ಮಾತೇ ಆಡಿಲ್ಲ."

"ಮತ್ತೆ ನಾನು?" ಎಂದ ಫೋಟೋಗ್ರಾಫರ್.

"ಸುಣ್ಣ ಹೊಡೆದು ಇಟ್ಟಿದೀರಲ್ಲ," ಎಂದರು ಅತ್ತೆ.

ಮಂಚ ಹಿಂದಿನ ಕೋಣೆಗೆ ಹೋಯಿತು, ಹೊತ್ತವನೂ ಅವನೇ. ಎದುರು ಗೋಡೆ ಖಾಲಿಯಾಗಿ, ನಾಟಕದವರಿಗೆಂದು ಎಂಬತ್ತೈದರ ಲೆನ್ಸು ಕ್ಯಾಮೆರಾಕ್ಕೆ ಏರಿತು. ಬೇಕಾದದ್ದು ಸಿಕ್ಕಿತ್ತು, ಖುಷಿಪಡುವುದಕ್ಕೆ ಮಾತ್ರ ಆಗುತ್ತಿರಲಿಲ್ಲ. ಅಷ್ಟರಲ್ಲಿ ಅತ್ತೆ ಅವನ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಬಂದು ಕೈಗಿಟ್ಟರು.

"ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ದಿನಾ ಹತ್ತಿರದಿಂದ ನೋಡಿ ನೋಡಿ ನನ್ನ ಮಗಳಿಗೂ ನಿಮ್ಮ ಮೂಗು ದೊಡ್ಡದಾಗೇ ಕಾಣ್ತಿತ್ತಂತೆ. ಸ್ವಲ್ಪ ದಿನ ದೂರ ಇರಿ, ಮುಖ ಕಳೆಗಟ್ಟುತ್ತೆ."