ಸರಸಿಗೆ ಮದುವೆಯಾದ ಸೋಮವಾರ

ಹೆಚ್ಚು ಓದುಗರು ಯಾವ ಅಭಿಪ್ರಾಯಕ್ಕೆ ಓಟು ಹಾಕುತ್ತಾರೋ ಹಾಗೆ ಪ್ರತಿ ಸೋಮವಾರ ಅಚ್ಚಾದ ಕಾದಂಬರಿಗಳೂ ತಾವಾಗಿಯೇ ಬದಲಾಗುತ್ತಿದ್ದವು, ಎಲ್ಲರ ಮನೆಯ ಪ್ರತಿಗಳೂ ಒಟ್ಟಿಗೇ. ಧಾರವಾಡದ ಇಂದುಮತಿ ಟೀಚರ್ ಒಂದು ಸೋಮವಾರ ಗೆಳತಿ ಮುಕ್ತಾಳ ಮನೆಗೆ ಹೋದಾಗ ಅವಳು ಪುಸ್ತಕ ಹಿಡಿದು ಸಪ್ಪಗೆ ಕೂತಿದ್ದಳು. ಇಬ್ಬರೂ ಐವತ್ತರ ಹತ್ತಿರದವರು, ಮದುವೆಯಾಗದವರು. ಮುಕ್ತಾಳ ಕೈಯಲ್ಲಿದ್ದ ನಗೆ ಕಾದಂಬರಿಯ ಮೊದಲ ಭಾಗದಲ್ಲಿ ಪ್ರೀತಿಸಿ ಸೋತ ಸರಸಿ, ಎರಡನೆಯದರಲ್ಲಿ ಒಬ್ಬಳೇ ಖುಷಿಯಾಗಿದ್ದಳು.

“ಸರಸಿಗೆ ಮದುವಿ ಮಾಡಿಬಿಟ್ಟಾರ, ಇಂದೂ. ಆಕಿ ಒಬ್ಬಾಕಿನ ಸಿನಿಮಾಕ್ಕ ಹೋಗೋ ಪುಟಾನ ಇಲ್ಲ. ಬರೇ ಒಂದ ಓಟು ಹೆಚ್ಚಂತ. ಯಾರ ಹಾಕಿದ್ರೋ!”

ಇಂದುಮತಿ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡಳು. ಹೋದ ವಾರ ತಂಗಿಯ ಮಗಳ ನಿಶ್ಚಿತಾರ್ಥದಲ್ಲಿ ಎಲ್ಲರೂ ಅವಳನ್ನು ಕನಿಕರದಿಂದ ನೋಡಿದ್ದರು. ಮನೆಗೆ ಬಂದವಳೇ, ಸರಸಿಯ ನಗು ಸಹಿಸಲಾಗದೆ, ‘ಇದೆಲ್ಲ ಸುಳ್ಳು, ಮದುವೆ ಮಾಡಿಸಿ’ ಎಂದು ಬರೆದು ಪ್ರಕಾಶಕರಿಗೆ ಓಟು ಕಳಿಸಿದ್ದಳು. ಕೊಟ್ಟ ಅಭಿಪ್ರಾಯವನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ.

“ನಾನ ಹಾಕಿದ್ದು, ಮುಕ್ತಾ.”

ಮುಕ್ತಾ ಬೈಯಲಿಲ್ಲ. “ಬ್ಯಾಸರಾದಾಗೆಲ್ಲ ನಾ ಆ ಪುಟಾನ ಓದತಿದ್ದೆ,” ಎಂದಳು ಅಷ್ಟೇ.

ಇಂದುಮತಿ ನೆನಪಿನಿಂದ ಆ ಪುಟವನ್ನು ಹೇಳತೊಡಗಿದಳು. ಥಿಯೇಟರ್ ನೆನಪಿತ್ತು, ಸರಸಿಯ ಸೀರೆಯ ಬಣ್ಣವೂ ನೆನಪಿತ್ತು. ಆದರೆ ಅಲ್ಲಿ ಒಬ್ಬಳೇ ಕೂತು ಸರಸಿ ಅಷ್ಟೊಂದು ನಕ್ಕದ್ದು ಯಾಕೆಂಬುದು ಇಬ್ಬರಿಗೂ ನೆನಪಾಗಲೇ ಇಲ್ಲ.